ಎಡಗಾಲಿಗೊಂದು ಪಂದ್ಯಾವಳಿ

1956ರ ನವೆಂಬರ್ 1ರಂದು ಹೈದರಾಬಾದ್ ಎಂಬ ರಾಜ್ಯ ನಕಾಶೆಯಿಂದ ಮರೆಯಾಯಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ಬಾಂಬೆಯ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ತಂಡದ ಕೋಚ್ ಮಾತ್ರ ಹೈದರಾಬಾದಿನ ಶಾಲಾ ಮಾಸ್ತರರು, ಸೈಯದ್ ಅಬ್ದುಲ್ ರಹೀಂ. ಆಟಗಾರರ ಪಟ್ಟಿಯಲ್ಲಿ ಅಜೀಜುದ್ದೀನ್, ನೂರ್ ಮೊಹಮ್ಮದ್, ಅಹ್ಮದ್ ಹುಸೇನ್, ಜುಲ್ಫಿಕರುದ್ದೀನ್, ತುಳಸಿದಾಸ್ ಬಲರಾಮ್ ಇದ್ದರು. ಇವರೆಲ್ಲ ಹೈದರಾಬಾದ್–ಸಿಕಂದರಾಬಾದಿನ ಮೈದಾನಗಳಲ್ಲಿ ಆಡಿ ಬೆಳೆದವರು.

ರಾಜ್ಯವೇ ಇಲ್ಲವಾದ ಮೇಲೆ ಅದರ ತಂಡದ ಗತಿಯೇನು ಎಂಬ ಪ್ರಶ್ನೆಗೆ ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯ ದಾಖಲೆಗಳಲ್ಲಿ ಅಚ್ಚರಿಯ ಉತ್ತರವಿದೆ. 1956–57ರಲ್ಲಿ ತಿರುವನಂತಪುರದಲ್ಲಿ ಬಾಂಬೆಯನ್ನು ಮಣಿಸಿ ಕಪ್ ಎತ್ತಿದ ತಂಡದ ಹೆಸರು ಹೈದರಾಬಾದ್. ಮರುವರ್ಷ ತನ್ನದೇ ಊರಿನ ಮೈದಾನದಲ್ಲಿ ಮತ್ತೆ ಬಾಂಬೆಯನ್ನು ಸೋಲಿಸಿ ಕಪ್ ಉಳಿಸಿಕೊಂಡದ್ದೂ ಅದೇ ಹೈದರಾಬಾದ್. ಆಡಳಿತದಲ್ಲಿ ಮೂರು ಪಾಲಾದ ನಾಡು ಆಟದ ಅಂಗಳದಲ್ಲಿ ಇನ್ನೂ ಕೆಲಕಾಲ ಒಂದಾಗಿಯೇ ನಿಂತಿತ್ತು.

ಈ ವಿಭಜನೆಯ ಗೆರೆ ಬಹಳ ಹತ್ತಿರದಿಂದ ಹಾದುಹೋದದ್ದು ಗದ್ವಾಲ, ಮಕ್ತಲ್, ನಾರಾಯಣಪೇಟೆಗಳ ಪಕ್ಕದಲ್ಲಿ. ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಅಲ್ಲಿಯವರೆಗೆ ರಾಯಚೂರು ಜಿಲ್ಲೆಯ ಭಾಗ. ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಈ ಎರಡು ತಾಲೂಕುಗಳನ್ನು ಬಿಡಿಸಿ ಮಹಬೂಬನಗರ ಜಿಲ್ಲೆಗೆ ಹಚ್ಚಿ ಆಂಧ್ರಪ್ರದೇಶದಲ್ಲಿ ಇಟ್ಟರು. ಗುಲ್ಬರ್ಗಾ ಜಿಲ್ಲೆಯಿಂದ ಕೊಡಂಗಲ್, ತಾಂಡೂರುಗಳೂ ಹೀಗೆಯೇ ಅತ್ತ ಹೋದವು. ಮಕ್ತಲ್, ನಾರಾಯಣಪೇಟೆಗಳು ಮೊದಲಿನಿಂದಲೂ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಆದರೆ ಅಲ್ಲಿನ ಕೃಷ್ಣಾ, ಮಾಗನೂರು ಭಾಗದ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ ಆಗಿತ್ತು, ಇಂದಿಗೂ ಆಗಿದೆ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಅಲ್ಲಿ ಈಗಲೂ ನಡೆಯುತ್ತವೆ.

ಬೆಳಿಗ್ಗೆ ಎದ್ದರೆ ರಾಯಚೂರಿನ ಮಾರುಕಟ್ಟೆ, ಓದಿಗೆ ಮತ್ತು ಕಚೇರಿ ಕೆಲಸಕ್ಕೆ ಹೈದರಾಬಾದ್: ಈ ಸೀಮೆಯ ಬದುಕು ಎರಡೂ ಕಡೆ ಕೈಚಾಚಿ ನಡೆದದ್ದು. ರೈಲಿನ ನಕಾಶೆಯೂ ಅದನ್ನೇ ಹೇಳುತ್ತದೆ. ನಾರಾಯಣಪೇಟೆಗೆ ಹೋಗುವವರು ಇಳಿಯುತ್ತಿದ್ದ ‘ನಾರಾಯಣಪೇಟ ರೋಡ್’ ನಿಲ್ದಾಣ ಇರುವುದು ಇಂದಿನ ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ. ಅದೇ ವಾಡಿ–ರಾಯಚೂರು ಮಾರ್ಗದ ಕೃಷ್ಣಾ ನಿಲ್ದಾಣ ತೆಲಂಗಾಣದಲ್ಲಿದೆ, ನದಿ ದಾಟಿದರೆ ರಾಯಚೂರು ಜಿಲ್ಲೆ. ಇಂಥ ಊರುಗಳಲ್ಲಿ ಒಬ್ಬ ಫುಟ್‌ಬಾಲ್ ಅಭಿಮಾನಿ ‘ನಮ್ಮ ತಂಡ’ ಎಂದು ಯಾವುದನ್ನು ಕರೆಯಬೇಕಿತ್ತು? ಹೈದರಾಬಾದನ್ನೋ, ಮೈಸೂರನ್ನೋ, ಹೊಸದಾಗಿ ಹುಟ್ಟಿದ ಆಂಧ್ರಪ್ರದೇಶವನ್ನೋ?

ಮೂರಕ್ಕೂ ಹಕ್ಕು ಇತ್ತು. ಮೂರನ್ನೂ ಬಯ್ಯುವ ಹಕ್ಕೂ ಇತ್ತು. ತಂಡವನ್ನು ಪ್ರೀತಿಸುವವರು ಅದರ ಬಲವನ್ನು ಹೊಗಳಿ ಅಷ್ಟಕ್ಕೇ ಬಿಡುವುದಿಲ್ಲ. ಬಲಹೀನತೆ ಎಲ್ಲಿದೆ, ಯಾರಿಂದ ಚೆಂಡು ಜಾರಿತು, ಯಾವ ಜಾಗದಲ್ಲಿ ಯಾರನ್ನು ಆಡಿಸಬಾರದಿತ್ತು ಎಂದು ಗಂಟೆಗಟ್ಟಲೆ ಲೆಕ್ಕ ಹಾಕುತ್ತಾರೆ. ದಕ್ಷಿಣ ಭಾರತದ ಫುಟ್‌ಬಾಲ್ ಇತಿಹಾಸದಲ್ಲಿ ಈ ಲೆಕ್ಕಕ್ಕೆ ದೊಡ್ಡ ಬೆಲೆ ಬಂದ ಒಂದು ಕಾಲವಿತ್ತು. ಆಗ ಬಲಹೀನತೆಯನ್ನು ಗುರುತಿಸುವುದು ಕಟ್ಟೆಯ ಮಾತಾಗಿ ಮುಗಿಯುತ್ತಿರಲಿಲ್ಲ, ಮರುದಿನ ಮೈದಾನದಲ್ಲಿ ಅದಕ್ಕೆ ಮದ್ದು ಸಿದ್ಧವಾಗುತ್ತಿತ್ತು. ಆ ಕಾಲದ ಬೇರು ಕಾಲೇಜಿನ ಅಂಗಳದಲ್ಲಿದೆ.

ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದದ್ದು 1918ರಲ್ಲಿ. ಉರ್ದುವಿನಲ್ಲಿ ಉನ್ನತ ಶಿಕ್ಷಣ ಕೊಟ್ಟ ಈ ವಿಶ್ವವಿದ್ಯಾಲಯಕ್ಕೆ ರಾಜ್ಯದ ಮೂರೂ ಭಾಷೆಗಳ ಸೀಮೆಯಿಂದ ಹುಡುಗರು ಬಂದರು: ತೆಲುಗರು, ಮರಾಠಿಗರು, ಕನ್ನಡಿಗರು. ಮನೆಯಲ್ಲಿ ಕನ್ನಡ ಆಡಿ, ತರಗತಿಯಲ್ಲಿ ಉರ್ದು ಓದಿದ ತಲೆಮಾರು ರಾಯಚೂರು, ಗುಲ್ಬರ್ಗಾ, ಬೀದರ್ ಕಡೆಯಲ್ಲಿ ದೊಡ್ಡದೇ ಇತ್ತು. ಗುಲ್ಬರ್ಗಾದ ಇಂಟರ್‌ಮೀಡಿಯೆಟ್ ಕಾಲೇಜು ಕೂಡ ಉಸ್ಮಾನಿಯಾದ ಕೈಕೆಳಗೇ ನಡೆಯಿತು. ಗಡಿ ಬದಲಾದ ಮೇಲೆ ಆ ಕಡೆಯ ಕಾಲೇಜುಗಳು ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ ಹೋದವು. ಮಹಬೂಬನಗರ ಜಿಲ್ಲೆಯ ಕಾಲೇಜುಗಳು ಮಾತ್ರ 2008ರಲ್ಲಿ ಪಾಲಮೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಉಸ್ಮಾನಿಯಾದ ಮಡಿಲಲ್ಲೇ ಉಳಿದವು. ಸೋಮನಾದ್ರಿ ಕಟ್ಟಿಸಿದ ಗದ್ವಾಲದ ಕೋಟೆಯೊಳಗೆ ಇಂದು ಮಹಾರಾಣಿ ಆದಿಲಕ್ಷ್ಮಿ ದೇವಮ್ಮ ಹೆಸರಿನ ಸರ್ಕಾರಿ ಪದವಿ ಕಾಲೇಜಿದೆ. ಸಂಸ್ಥಾನದ ಕೊನೆಯ ರಾಣಿಯ ಹೆಸರು ಹೊತ್ತ ಆ ಕಾಲೇಜಿನ ಹುಡುಗರಿಗೂ ದಶಕಗಳ ಕಾಲ ಉಸ್ಮಾನಿಯಾವೇ ವಿಶ್ವವಿದ್ಯಾಲಯ.

ಹೈದರಾಬಾದಿನಲ್ಲಿ ಮೂಸಿ ನದಿಯ ದಂಡೆಯ ಸಿಟಿ ಕಾಲೇಜು ಫುಟ್‌ಬಾಲಿನ ಮೊದಲ ಗರಡಿಗಳಲ್ಲಿ ಒಂದು. 1909ರಲ್ಲಿ ಹುಟ್ಟಿದ ರಹೀಂ ಯೌವನದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದರು. ಸಿಟಿ ಕಾಲೇಜಿನ ಹುಡುಗರೇ ಹೆಚ್ಚಾಗಿದ್ದ ‘ಇಲೆವೆನ್ ಹಂಟರ್ಸ್’ ಎಂಬ ತಂಡದಲ್ಲೂ ಆಡಿದರು. ಬಿ.ಎ. ಮುಗಿಸಿ ಶಾಲೆಗಳಲ್ಲಿ ಪಾಠ ಹೇಳಿದರು, ಮುಂದೆ ದೈಹಿಕ ಶಿಕ್ಷಣದ ತರಬೇತಿಯನ್ನೂ ಪಡೆದರು. ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್ ಆದರು. ಶಾಲೆಯಲ್ಲಿ ಕಲಿಸುವವನ ಕಣ್ಣು ಮೈದಾನದಲ್ಲೂ ಅವರನ್ನು ಬಿಡಲಿಲ್ಲ. ತರಗತಿಯಲ್ಲಿ ಹುಡುಗನೊಬ್ಬನಿಗೆ ಲೆಕ್ಕ ಬಾರದಿದ್ದರೆ ಒಳ್ಳೆಯ ಮಾಸ್ತರರು ಅವನನ್ನು ಹೊರಗೆ ಕಳಿಸುವುದಿಲ್ಲ, ಆ ಲೆಕ್ಕವನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ರಹೀಂ ಆಟಗಾರರ ಕಾಲಿಗೂ ಅದನ್ನೇ ಮಾಡಿದರು.

ಆಗಿನ ಹೈದರಾಬಾದಿ ಆಟದ ಬಲ ಎಲ್ಲರಿಗೂ ಕಾಣುವಂಥದ್ದು. ಚೆಂಡಿನ ಮೇಲೆ ಹಿಡಿತ, ನೆಲಕ್ಕೆ ತಾಗಿಸಿ ಕೊಡುವ ಚಿಕ್ಕ ಪಾಸು, ಸಣ್ಣ ಜಾಗದಲ್ಲಿ ತಿರುಗುವ ಚುರುಕು. ಸಣ್ಣ ಮೈಕಟ್ಟಿನ ಹುಡುಗರು ದೊಡ್ಡ ಮೈಯವರನ್ನು ಸುತ್ತಿಸಿ ಹೋಗುವುದು ನೋಡುಗರಿಗೆ ಹಬ್ಬ. ಬಲಹೀನತೆಗಳೂ ಅಷ್ಟೇ ಸ್ಪಷ್ಟ. ಕೈಗೆ ಸಿಕ್ಕ ಹಬ್ಬ ಬಿಡಲಾರದವರಂತೆ ಚೆಂಡು ಸಿಕ್ಕವನು ಅದನ್ನು ಬಿಟ್ಟುಕೊಡುತ್ತಿರಲಿಲ್ಲ. ಒಬ್ಬನನ್ನು ದಾಟಿದ ಮೇಲೆ ಇನ್ನೊಬ್ಬನನ್ನೂ ದಾಟುವ ಆಸೆ ಹುಟ್ಟಿ, ಪಕ್ಕದಲ್ಲಿ ಖಾಲಿ ನಿಂತ ಜೊತೆಗಾರ ಕೈಯೆತ್ತಿ ಕೂಗಿದರೂ ಕೇಳಿಸುತ್ತಿರಲಿಲ್ಲ. ಎರಡನೆಯದು, ಬಹುಪಾಲು ಆಟಗಾರರು ಒಂದೇ ಕಾಲಿನವರು. ಚೆಂಡು ಎಡಗಾಲಿಗೆ ಬಂದರೆ ಅದನ್ನು ಬಲಗಾಲಿಗೆ ತಂದುಕೊಳ್ಳುವಷ್ಟರಲ್ಲಿ ಎದುರಾಳಿ ಬಂದು ಮುಚ್ಚಿರುತ್ತಿದ್ದ.

ಇವೆರಡಕ್ಕೂ ರಹೀಂ ಕಂಡುಕೊಂಡ ಮದ್ದು ಸರಳ. ಭಾಷಣ ಮಾಡುವ ಬದಲು ಪಂದ್ಯಾವಳಿ ನಡೆಸಿದರು. ಒಂದು ಪಂದ್ಯಾವಳಿಯಲ್ಲಿ ಡ್ರಿಬ್ಲಿಂಗ್ ನಿಷಿದ್ಧ. ಚೆಂಡು ಬಂದ ಕೂಡಲೆ ಮುಂದಕ್ಕೆ ಕೊಡಬೇಕು, ಹಿಡಿದುಕೊಂಡು ಆಡಿದರೆ ತಪ್ಪು. ಇನ್ನೊಂದರಲ್ಲಿ ಆಟಗಾರ ತನ್ನ ಬಲವಿಲ್ಲದ ಕಾಲಿನಿಂದಲೇ ಆಡಬೇಕು. ಅಂದರೆ ಹೆಚ್ಚಿನವರಿಗೆ ಅದು ಎಡಗಾಲಿನ ಪಂದ್ಯಾವಳಿ. ನೆಚ್ಚಿನ ಬಲಗಾಲನ್ನು ಮರೆತು, ಒದೆತ ಎತ್ತಲೋ ಹೋಗಿ, ಜನರೆದುರು ತಡವರಿಸಿ, ಕೊನೆಗೆ ಆ ಕಾಲನ್ನೂ ಪಳಗಿಸಿಕೊಳ್ಳಬೇಕಿತ್ತು.

ಈ ಪಂದ್ಯಾವಳಿಗಳ ಮಹತ್ವ ತಾಂತ್ರಿಕತೆಯಲ್ಲಿ ಮಾತ್ರ ಇಲ್ಲ. ಅಭಿಮಾನಿಗಳು ಆಡಿಕೊಳ್ಳುವ ಕೊರತೆ ಇಲ್ಲಿ ಒಂದು ಸಾರ್ವಜನಿಕ ಪಾಠವಾಯಿತು. ಇವನಿಗೆ ಎಡಗಾಲೇ ಇಲ್ಲ ಎಂಬ ಮಾತು ಹೀಯಾಳಿಕೆಯಾಗಿ ಉಳಿದರೆ ಅದರಿಂದ ಆಟಗಾರನಿಗೂ ತಂಡಕ್ಕೂ ಏನೂ ದಕ್ಕುವುದಿಲ್ಲ. ಎಡಗಾಲಿಗೇ ಒಂದು ಕಪ್ ಇಟ್ಟರೆ ಅದನ್ನು ಗೆಲ್ಲುವ ಹುಮ್ಮಸ್ಸು ಹುಟ್ಟುತ್ತದೆ. ದುಡ್ಡು ಬೇಡ, ವಿದೇಶಿ ಕೋಚ್ ಬೇಡ. ಒಂದು ಮೈದಾನ, ಒಂದು ಸೀಟಿ, ನಿಯಮ ಮುರಿಯದ ಒಬ್ಬ ಮಾಸ್ತರ ಇದ್ದರೆ ಸಾಕಿತ್ತು.

ಫಲ ಬೇಗನೆ ಕಾಣಿಸಿತು. ಹೈದರಾಬಾದ್ ತಂಡ 1949–50ರ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಬಂಗಾಳದ ಎದುರು 5–0ಯಿಂದ ಸೋತಿತ್ತು. ಮರುವರ್ಷವೂ ಕಲ್ಕತ್ತಾದಲ್ಲೇ, ಅದೇ ಬಂಗಾಳದ ಎದುರು ಫೈನಲ್ ನಡೆದು, ಈ ಸಲ ಸೋಲಿನ ಅಂತರ ಒಂದೇ ಗೋಲಿಗೆ ಇಳಿಯಿತು. ಪೊಲೀಸ್ ತಂಡ 1950ರಲ್ಲಿ ಮೋಹನ್ ಬಾಗಾನ್ ತಂಡವನ್ನು ಫೈನಲ್‌ನಲ್ಲಿ ಮಣಿಸಿ ಡ್ಯುರಾಂಡ್ ಕಪ್ ಗೆದ್ದಿತು. ಬಾಂಬೆಯ ರೋವರ್ಸ್ ಕಪ್ಪನ್ನಂತೂ 1950ರಿಂದ 1954ರವರೆಗೆ ಐದು ವರ್ಷ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ದೇಶದ ಫುಟ್‌ಬಾಲ್ ಎಂದರೆ ಕಲ್ಕತ್ತಾ ಎಂದು ನಂಬಿದ್ದವರು ದಖ್ಖಣದ ಕಡೆ ತಿರುಗಿ ನೋಡುವಂತಾಯಿತು.

ದಖ್ಖಣದಲ್ಲಿ ಹೈದರಾಬಾದ್ ಒಂಟಿಯಾಗಿರಲಿಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಪಡೆಗಳ ಎದುರು ಆಡಿ ಗಟ್ಟಿಯಾದ ಇನ್ನೊಂದು ಪರಂಪರೆಯಿತ್ತು. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡವೇ ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಗೆದ್ದು, 1938ರಲ್ಲೂ ಉಳಿಸಿಕೊಂಡು, 1948ರಲ್ಲಿ ಮತ್ತೆ ಗೆದ್ದ ತಂಡವದು. ಮೈಸೂರು ತಂಡ 1946–47ರಲ್ಲಿ ಬೆಂಗಳೂರಿನಲ್ಲೇ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು, 1952–53ರಲ್ಲಿ ಇನ್ನೊಮ್ಮೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರಿನ ಆಟಗಾರ. ಅದೇ ಪಂದ್ಯದಲ್ಲಿ ಭಾರತ ಎರಡು ಪೆನಾಲ್ಟಿ ಕಳೆದುಕೊಂಡು ಫ್ರಾನ್ಸ್‌ಗೆ 2–1ರಿಂದ ಸೋತಿತು.  ಬಲ ಮತ್ತು ಬಲಹೀನತೆ ಒಂದೇ ತಂಡದಲ್ಲಿ, ಒಂದೇ ದಿನ ಕಾಣಿಸಿಕೊಂಡ ಪಂದ್ಯವದು.

ರಾಯಚೂರು ಮೈಸೂರಿನ ಪಾಲಾದಾಗ ಅಲ್ಲಿನ ಫುಟ್‌ಬಾಲ್ ಪ್ರಿಯರಿಗೆ ಹೀಗೆ ಇನ್ನೊಂದು ದೊಡ್ಡ ತಂಡ ಬಳುವಳಿಯಾಗಿ ಬಂತು. ಗದ್ವಾಲದವರು ಹೈದರಾಬಾದಿನ ಜೊತೆ ಉಳಿದರು. ಒಂದೇ ಜಿಲ್ಲೆಯಲ್ಲಿದ್ದ ಎರಡು ಊರುಗಳು ಸಂತೋಷ್ ಟ್ರೋಫಿಯಲ್ಲಿ ಬೇರೆ ಬೇರೆ ಬಾವುಟದ ಕೆಳಗೆ ನಿಂತವು. ಎರಡೂ ತಂಡಗಳಿಗೆ ದೊಡ್ಡ ಎದುರಾಳಿ ಮಾತ್ರ ಒಬ್ಬನೇ, ಬಂಗಾಳ.

ಎರಡು ಪರಂಪರೆಗಳು ಕೂಡಿ ಭಾರತದ ತಂಡವಾದಾಗ ಏನಾಯಿತು ಎಂಬುದನ್ನು ತಿಳಿಯಲು ಹೆಲ್ಸಿಂಕಿಗೆ ಹೋಗಬೇಕು. 1952ರ ಒಲಿಂಪಿಕ್ಸ್‌ನಲ್ಲಿ ರಹೀಂ ತರಬೇತಿಯ ಭಾರತ ಯುಗೊಸ್ಲಾವಿಯಾ ಎದುರು ಆಡಿತು. ಅಲ್ಲಿನ ಚಳಿ ನಮ್ಮವರಿಗೆ ಹೊಸದು. ಹಲವರು ಬರಿಗಾಲಿನ ಆಟಗಾರರು, ಎದುರಾಳಿಗಳು ಬೂಟು ತೊಟ್ಟ ಗಟ್ಟಿಗರು. ದೇಶದೊಳಗಿನ ಪಂದ್ಯಗಳು ಆಗ 70 ನಿಮಿಷದವು, ಅಲ್ಲಿ ಆಡಬೇಕಾದದ್ದು 90 ನಿಮಿಷ. ಫಲಿತಾಂಶ 10–1. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್.

ಹತ್ತು ಗೋಲಿನ ಸೋಲನ್ನು ದುರದೃಷ್ಟ ಎಂದು ಕರೆದು ಮರೆಯುವುದು ಸುಲಭವಿತ್ತು. ಆದರೆ ಹಾಗಾಗಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟುಗಳನ್ನು ಕಡ್ಡಾಯ ಮಾಡಿತು. ರಹೀಂ ತಂಡದ ರಚನೆಯನ್ನೇ ಪ್ರಶ್ನಿಸಿದರು. ಮುಂಚೂಣಿಯಲ್ಲಿ ಸಾಲಾಗಿ ಐವರನ್ನು ನಿಲ್ಲಿಸಿ ಹಿಂದೆ ಕೆಲವರನ್ನೇ ಬಿಡುವ ಹಳೆಯ ಪದ್ಧತಿಯಲ್ಲಿ ಯೂರೋಪಿನ ವೇಗದ ದಾಳಿಗೆ ತಡೆಯೇ ಇರುತ್ತಿರಲಿಲ್ಲ. ಒಬ್ಬ ಫಾರ್ವರ್ಡನನ್ನು ಹಿಂದಕ್ಕೆಳೆದು ನಡುವಿನಲ್ಲಿ ಆಡಿಸಿ, ಹಿಂಬದಿಗೆ ಇನ್ನಷ್ಟು ಜನ ಬರುವಂತೆ ಮಾಡುತ್ತ ಅವರು ಕ್ರಮೇಣ 4–2–4 ರಚನೆಯ ಕಡೆಗೆ ಸಾಗಿದರು. 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಅದೇ ರಚನೆಯಲ್ಲಿ ಆಡಿ ಗೆದ್ದ ಮೇಲೆ ಲೋಕವೆಲ್ಲ ಅದನ್ನು ಕಲಿಯಿತು.

ಮೆಲ್ಬರ್ನ್‌ನಲ್ಲಿ ನಾಲ್ಕು ವರ್ಷದ ಈ ಪಾಠದ ಪರೀಕ್ಷೆ ನಡೆಯಿತು. ಹಂಗೇರಿ ಹಿಂದೆ ಸರಿದಿದ್ದರಿಂದ ಭಾರತ ನೇರ ಕ್ವಾರ್ಟರ್ ಫೈನಲ್ ತಲುಪಿತ್ತು. ಆಸ್ಟ್ರೇಲಿಯಾವನ್ನು ದಾಟಿದ ಮೇಲೆ ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯಾ. ವಿರಾಮದವರೆಗೆ ಗೋಲಿಲ್ಲ. ಆಮೇಲೆ ಮೊದಲ ಗೋಲು ಹೊಡೆದದ್ದು ಭಾರತ, ಮತ್ತೆ ಡಿಸೋಜಾ. ನಾಲ್ಕು ವರ್ಷದ ಹಿಂದೆ ಹತ್ತು ಗೋಲು ತುಂಬಿಸಿದ ತಂಡ ಕೆಲವು ನಿಮಿಷ ಭಾರತಕ್ಕಿಂತ ಹಿಂದೆ ಇತ್ತು. ಕೊನೆಗೆ ಯುಗೊಸ್ಲಾವಿಯಾ 4–1ರಿಂದ ಗೆದ್ದಿತು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ 3–0ಯಿಂದ ಗೆದ್ದು ಭಾರತವನ್ನು ನಾಲ್ಕನೇ ಸ್ಥಾನದಲ್ಲಿ ನಿಲ್ಲಿಸಿತು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತ ಇಂದಿಗೂ ಅದಕ್ಕಿಂತ ಮೇಲೆ ಹೋಗಿಲ್ಲ. ಹೈದರಾಬಾದಿನ ಹುಡುಗರ ಜೊತೆ ಮೈಸೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲೂ ಅವರು ಆಡಿದರು.

ಬಲರಾಮ್ ಅವರ ಕತೆ ಈ ಇಡೀ ಕಾಲದ ಸ್ವಭಾವವನ್ನು ತೋರಿಸುತ್ತದೆ. ಸಿಕಂದರಾಬಾದಿನ ಹೊರವಲಯದ ಅಮ್ಮುಗುಡದ ಬಡ ಮನೆಯಲ್ಲಿ ಹುಟ್ಟಿದ ಹುಡುಗ. ಹೊಸ ಬೂಟು ಕೊಳ್ಳಲು ಕಾಸಿಲ್ಲದೆ ಹಳೆಯ ಪೊಲೀಸ್ ಬೂಟುಗಳನ್ನೇ ಚಮ್ಮಾರರಿಂದ ಸರಿಮಾಡಿಸಿಕೊಂಡು ಆಡಿದವರು. ರಹೀಂ ಅವರ ಕಣ್ಣಿಗೆ ಬಿದ್ದು ಇಪ್ಪತ್ತರ ವಯಸ್ಸಿನಲ್ಲೇ ಒಲಿಂಪಿಯನ್ ಆದರು. ಚೆಂಡಿನ ಮೇಲಿನ ಅವರ ಹಿಡಿತ ಎಷ್ಟು ಹೆಸರುವಾಸಿಯೋ, ಸರಿಯಾದ ಹೊತ್ತಿಗೆ ಅದನ್ನು ಜೊತೆಗಾರನಿಗೆ ಬಿಟ್ಟುಕೊಡುವ ಬುದ್ಧಿಯೂ ಅಷ್ಟೇ. ಡ್ರಿಬ್ಲಿಂಗ್ ಇಲ್ಲದ ಪಂದ್ಯಾವಳಿಗಳು ಕಲಿಸಬೇಕೆಂದಿದ್ದದ್ದು ಅದನ್ನೇ. 1957ರಲ್ಲಿ ಅವರು ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು.

ರಹೀಂ ಅವರ ಕೊನೆಯ ದೊಡ್ಡ ಪರೀಕ್ಷೆ 1962ರ ಜಕಾರ್ತಾ ಏಷ್ಯನ್ ಗೇಮ್ಸ್. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2–0ಯಿಂದ ಸೋಲು. ಥಾಯ್ಲೆಂಡ್ ಎದುರಿನ ಪಂದ್ಯದಲ್ಲಿ ಹಿಂಬದಿಯ ಗೋಡೆಯಂತಿದ್ದ ಜರ್ನೇಲ್ ಸಿಂಗ್ ಅವರ ತಲೆಗೆ ಗಾಯ, ಹೊಲಿಗೆ. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಮಲಗಿದರು. ಗಾಯಗೊಂಡ ಹಿಂಬದಿ ಆಟಗಾರನನ್ನು ಬೇರೆ ಯಾವ ಕೋಚ್ ಆದರೂ ಬೆಂಚಿನ ಮೇಲೆ ಕೂರಿಸುತ್ತಿದ್ದರು. ರಹೀಂ ಮಾತ್ರ ಜರ್ನೇಲ್ ಅವರನ್ನು ಮುಂಚೂಣಿಗೆ, ಸೆಂಟರ್ ಫಾರ್ವರ್ಡ್ ಜಾಗಕ್ಕೆ ಕಳಿಸಿದರು. ಜರ್ನೇಲ್ ಸೆಮಿಫೈನಲ್‌ನಲ್ಲಿ ಗೋಲು ಹೊಡೆದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಅದೇ ದಕ್ಷಿಣ ಕೊರಿಯಾವನ್ನು ಭಾರತ 2–1ರಿಂದ ಸೋಲಿಸಿದಾಗ ಒಂದು ಗೋಲು ಪಿ.ಕೆ. ಬ್ಯಾನರ್ಜಿಯವರದು, ಇನ್ನೊಂದು ಜರ್ನೇಲ್ ಅವರದು. ಆ ತಂಡದಲ್ಲಿ ಹೈದರಾಬಾದಿನ ಯೂಸುಫ್ ಖಾನ್, ಬಲರಾಮ್ ಇದ್ದರು. ಬೆಂಗಳೂರಿನ ಅರುಮೈನಾಯಗಂ ಇದ್ದರು. ಕೋಚ್ ಆಗಲೇ ಕ್ಯಾನ್ಸರ್‌ನಿಂದ ಬಳಲುತ್ತಿದ್ದರು. 1963ರ ಜೂನ್ 11ರಂದು ಅವರು ತೀರಿಕೊಂಡರು. ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಭಾರತಕ್ಕೆ ಆಮೇಲೆ ಚಿನ್ನ ಬಂದಿಲ್ಲ.

ರಹೀಂ ಹೋದ ಮೇಲೆ ಪ್ರತಿಭೆ ಒಮ್ಮೆಗೇ ಬತ್ತಲಿಲ್ಲ. 1965–66ರಲ್ಲಿ ಆಂಧ್ರಪ್ರದೇಶ ಕೊಲ್ಲಂನಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು 1967–68ರಲ್ಲಿ, ಮತ್ತೆ 1968–69ರಲ್ಲಿ ಗೆದ್ದಿತು. ಎರಡು ಸಲವೂ ಫೈನಲ್‌ನಲ್ಲಿ ಸೋತದ್ದು ಬಂಗಾಳ. ಗಡಿಯ ಈಚೆಯವರಿಗೂ ಆಚೆಯವರಿಗೂ ಬೀಗಲು ನಾಲ್ಕೇ ವರ್ಷದಲ್ಲಿ ಮೂರು ಕಪ್ ಸಿಕ್ಕವು. ಹೈದರಾಬಾದಿನಿಂದ ಸೈಯದ್ ನಯೀಮುದ್ದೀನ್ ಬಂದರು, 1970ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದ ನಾಯಕರಾದರು. ಮೊಹಮ್ಮದ್ ಹಬೀಬ್ ಬಂದರು. 1977ರಲ್ಲಿ ಪೆಲೆ ಇದ್ದ ಕಾಸ್ಮೋಸ್ ತಂಡ ಕಲ್ಕತ್ತಾಕ್ಕೆ ಬಂದಾಗ ಮೋಹನ್ ಬಾಗಾನ್ ಪರ ಗೋಲು ಹೊಡೆದವರಲ್ಲಿ ಅವರೂ ಒಬ್ಬರು. ಶಬ್ಬೀರ್ ಅಲಿ, ವಿಕ್ಟರ್ ಅಮಲ್‌ರಾಜ್ ಬಂದರು.

ಆದರೆ ಇವರೆಲ್ಲರ ಹೆಸರು ಬೆಳಗಿದ್ದು ಕಲ್ಕತ್ತಾದಲ್ಲಿ. ಹೈದರಾಬಾದಿನ ಆಟಗಾರನಿಗೆ ಊರಲ್ಲಿ ಸಿಗುತ್ತಿದ್ದದ್ದು ಪೊಲೀಸ್ ಅಥವಾ ಸರ್ಕಾರಿ ನೌಕರಿ, ಅದರ ಜೊತೆ ಆಟ. ಕಲ್ಕತ್ತಾದ ಕ್ಲಬ್‌ಗಳು ಆಟಕ್ಕೇ ಹಣ ಕೊಟ್ಟವು, ತುಂಬಿದ ಮೈದಾನಗಳನ್ನು ಕೊಟ್ಟವು. ಪೊಲೀಸ್ ತಂಡ ಹೊಸ ರಾಜ್ಯದ ಹೆಸರಿಟ್ಟುಕೊಂಡು 1961ರ ಡ್ಯುರಾಂಡ್ ಗೆದ್ದದ್ದು ನಿಜ, ಆದರೆ ಮುಂದಿನ ದಶಕಗಳಲ್ಲಿ ಅದರ ಸದ್ದು ಅಡಗುತ್ತ ಬಂತು. ಔರಂಗಜೇಬನ ಸೈನ್ಯ 1687ರಲ್ಲಿ ಬೀಡುಬಿಟ್ಟಿದ್ದ ಹೈದರಾಬಾದಿನ ಫತೇ ಮೈದಾನ್ 1967ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಹೆಸರಿನ ಕ್ರೀಡಾಂಗಣವಾಯಿತು. ಅಲ್ಲಿ ಜನ ಸೇರತೊಡಗಿದ್ದು ಹೆಚ್ಚಾಗಿ ಕ್ರಿಕೆಟ್‌ಗೆ.

ಅಭಿಮಾನಿಗಳ ಲೆಕ್ಕಾಚಾರ ಮಾತ್ರ ನಿಲ್ಲಲಿಲ್ಲ. ಬಲಹೀನತೆ ಎಲ್ಲರಿಗೂ ತಿಳಿದಿತ್ತು: ಎಳೆಯರ ತರಬೇತಿ ಇಲ್ಲ, ಶಾಲಾ ಪಂದ್ಯಾವಳಿಗಳು ಕಡಿಮೆ, ಬೆಳೆದವರು ಉಳಿಯುವುದಿಲ್ಲ. ತಿಳಿದದ್ದನ್ನು ಮರುದಿನವೇ ಮೈದಾನಕ್ಕೆ ತರುವ ಮಾಸ್ತರರ ಸಾಲು ಕಡಿದುಹೋಗಿತ್ತು. ದಖ್ಖಣದ ಫುಟ್‌ಬಾಲ್ ಕುಸಿದದ್ದಕ್ಕೆ ಹಣ, ಕ್ರಿಕೆಟ್, ಟಿ.ವಿ. ಎಂದು ಹಲವು ಕಾರಣ ಕೊಡಬಹುದು. ಅವೆಲ್ಲಕ್ಕಿಂತ ಮೊದಲು ಎಣಿಸಬೇಕಾದ ನಷ್ಟ ಈ ಕೊಂಡಿಯದು.

ಈಚಿನ ವರ್ಷಗಳ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 2019ರಲ್ಲಿ ಹುಟ್ಟಿದ ಹೈದರಾಬಾದ್ ಎಫ್‌ಸಿ 2022ರ ಮಾರ್ಚ್‌ನಲ್ಲಿ ಗೋವಾದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಮೂರೇ ವರ್ಷದಲ್ಲಿ, ಹಣದ ಮುಗ್ಗಟ್ಟಿಗೆ ಸಿಕ್ಕಿ, ಆ ತಂಡ ಹೆಸರು ಬದಲಿಸಿಕೊಂಡು 2025ರಲ್ಲಿ ದಿಲ್ಲಿಗೆ ಹೋಯಿತು. ಇನ್ನೊಂದು ಘಟನೆ 2023ರ ಮಾರ್ಚ್ 4ರದು. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. ಮೈಸೂರು ಎಂಬ ಹೆಸರಿನಲ್ಲಿ ಕೊನೆಯ ಸಲ ಗೆದ್ದ ಮೇಲೆ 54 ವರ್ಷ ಕಳೆದಿತ್ತು. ಕೊಂಡು ಕಟ್ಟಿದ ತಂಡ ಕಪ್ ಗೆದ್ದು ಊರು ಬಿಟ್ಟಿತು. ಜಿಲ್ಲೆ, ಕ್ಲಬ್, ರಾಜ್ಯ ಎಂದು ಮೆಟ್ಟಿಲೇರಿ ಬಂದ ತಂಡಕ್ಕೆ ಕಪ್ ತಡವಾಗಿ ಸಿಕ್ಕಿತು, ಆದರೆ ತಂಡ ಎಲ್ಲಿಗೂ ಹೋಗಲಿಲ್ಲ.

ಗಡಿನಾಡಿನ ಆಡಳಿತದ ನಕಾಶೆ ಈ ನಡುವೆ ಮತ್ತೆ ಬದಲಾಗಿದೆ. 2014ರಲ್ಲಿ ತೆಲಂಗಾಣ ಬಂತು. 2016ರ ಅಕ್ಟೋಬರ್‌ನಲ್ಲಿ ಜೋಗುಳಾಂಬ ಗದ್ವಾಲ, 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. ಜಿಲ್ಲೆಯಾದ ಮೇಲೆ ಜಿಲ್ಲಾ ತಂಡ ಬೇಕು, ಜಿಲ್ಲಾ ಕ್ರೀಡಾಧಿಕಾರಿ ಬೇಕು, ಜಿಲ್ಲಾ ಮೈದಾನ ಬೇಕು. ಮಕ್ತಲ್ ಶಾಸಕ ವಾಕಿಟಿ ಶ್ರೀಹರಿ 2025ರ ಜೂನ್‌ನಲ್ಲಿ ತೆಲಂಗಾಣದ ಮಂತ್ರಿಯಾದಾಗ ಅವರಿಗೆ ದೊರೆತ ಖಾತೆಗಳಲ್ಲಿ ಕ್ರೀಡೆಯೂ ಒಂದು. ರಾಜ್ಯದ ತುತ್ತತುದಿಯ, ಕನ್ನಡ ಮಾತಾಡುವ ಹಳ್ಳಿಗಳಿರುವ ಕ್ಷೇತ್ರಕ್ಕೆ ಕ್ರೀಡಾ ಖಾತೆ ಬಂದದ್ದು ಸಣ್ಣ ಸಂಗತಿಯಲ್ಲ.

ಇಲ್ಲಿನ ಹುಡುಗರ ಬಲ ಏನು ಎಂದು ಈ ಸೀಮೆಯನ್ನು ಬಲ್ಲ ಯಾರು ಬೇಕಾದರೂ ಹೇಳಬಲ್ಲರು. ಓಟದ ಕಸುವು, ಬಿಸಿಲು ತಡೆಯುವ ಮೈ, ಕಬಡ್ಡಿ ಮತ್ತು ಜಾತ್ರೆಯ ಕುಸ್ತಿ ಕಲಿಸಿದ ಎದೆಗಾರಿಕೆ. ಕೊರತೆಯೂ ಗೊತ್ತಿರುವಂಥದ್ದೇ. ದುಡಿಮೆಗಾಗಿ ಊರು ಬಿಡುವ ಮನೆಗಳು ಹೆಚ್ಚು, ಶಾಲೆ ನಡುವೆಯೇ ನಿಲ್ಲುತ್ತದೆ, ಆಟ ಅದಕ್ಕೂ ಮೊದಲೇ ನಿಲ್ಲುತ್ತದೆ. ಕಾಲೇಜು ತಲುಪಿದ ಹುಡುಗನಿಗೆ ವರ್ಷಕ್ಕೊಮ್ಮೆ ಅಂತರ ಕಾಲೇಜು ಪಂದ್ಯ ಬಿಟ್ಟರೆ ತನ್ನ ಆಟವನ್ನು ಒರೆಗೆ ಹಚ್ಚುವ ಅವಕಾಶ ಅಪರೂಪ. ಗೆದ್ದರೆ ಒಂದು ಪ್ರಮಾಣಪತ್ರ, ಸೋತರೆ ಬಸ್ಸು ಹತ್ತಿ ಮನೆಗೆ. ಎಲ್ಲಿ ಸೋತೆವು ಎಂದು ಕೂತು ಬಿಡಿಸಿ ಹೇಳುವವರು, ಹೇಳಿದ್ದನ್ನು ಮೂರು ತಿಂಗಳು ಆಡಿಸಿ ತಿದ್ದುವವರು ಬೇಕು.

ಗದ್ವಾಲ ಮತ್ತು ರಾಯಚೂರು ನಡುವಿನ ರೈಲು ಮಾರ್ಗ 2013ರ ಅಕ್ಟೋಬರ್‌ನಲ್ಲಿ ತೆರೆಯಿತು. ದೂರ 60 ಕಿಲೋಮೀಟರ್ ಆಸುಪಾಸು. ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದ ಈ ಎರಡು ಊರುಗಳ ಕಾಲೇಜುಗಳು ಇಂದು ಬೇರೆ ಬೇರೆ ವಿಶ್ವವಿದ್ಯಾಲಯಗಳ ಪಂದ್ಯಾವಳಿಗಳಲ್ಲಿ ಆಡುತ್ತವೆ. ಅವೆರಡೂ ಒಂದೇ ಅಂಕಣದಲ್ಲಿ ಇಳಿಯಬೇಕಾದರೆ ಯಾರಾದರೂ ಬೇರೆಯಾಗಿ ಕರೆಯಬೇಕು. ನಾರಾಯಣಪೇಟೆ, ಮಕ್ತಲ್, ಗದ್ವಾಲ, ರಾಯಚೂರು, ಯಾದಗಿರಿ: ಈ ಐದು ಊರುಗಳ ಸರ್ಕಾರಿ ಕಾಲೇಜುಗಳ ದೈಹಿಕ ಶಿಕ್ಷಣದ ಅಧ್ಯಾಪಕರು ಮನಸ್ಸು ಮಾಡಿದರೆ ಬೇಸಿಗೆಗೆ ಮುಂಚೆ ಒಂದು ವಾರದ ಪಂದ್ಯಾವಳಿ ನಡೆಸಬಹುದು. ಮೊದಲ ಮೂರು ದಿನ ಡ್ರಿಬ್ಲಿಂಗ್ ಇಲ್ಲದ ಪಂದ್ಯಗಳು, ಮುಂದಿನ ಮೂರು ದಿನ ಬಲವಿಲ್ಲದ ಕಾಲಿನವು, ಕೊನೆಯ ದಿನ ಎಲ್ಲ ನಿಯಮ ಸಡಿಲಿಸಿ ಒಂದು ಪೂರ್ಣ ಪಂದ್ಯ. ಖರ್ಚು ಚೆಂಡಿನದು, ಬಸ್ಸು ರೈಲಿನದು, ಮಧ್ಯಾಹ್ನದ ಊಟದ್ದು. ಬಂದ ಹುಡುಗರ ಎರಡೂ ಕಾಲಿನ ಆಟವನ್ನು ಹೆಸರು ಹೆಸರಾಗಿ ಬರೆದಿಟ್ಟುಕೊಂಡು, ಮುಂದಿನ ವರ್ಷ ಅದೇ ಪಟ್ಟಿ ತೆಗೆದು ಹೋಲಿಸಿದರೆ ಕೆಲಸ ಶುರುವಾದಂತೆ.